ಬಂಗಾರದ ಮಣ್ಣು ಕಟ್ಟಿದ ಬೇಳೆ

ಮುಂಬಯಿಯ ಹಡಗು ವ್ಯಾಪಾರಿಯಿಂದ ಬಂದ ಕಾಗದ ಎರಡೇ ಪುಟದ್ದು. ಲಕ್ಷ್ಮೇಶ್ವರದಿಂದ ಹೋದ ತೊಗರಿಬೇಳೆಯನ್ನು ಆಫ್ರಿಕಾದ ಬಂದರಿನಲ್ಲಿ ಇಳಿಸಿಕೊಳ್ಳಲಿಲ್ಲ, ಅಲ್ಲಿಯ ರಸಾಯನ ತಜ್ಞರಿಗೆ ಅದರಲ್ಲಿ ಆರ್ಸೆನಿಕ್ ಸಿಕ್ಕಿದೆ, ಮಾಲು ಹಿಂದಕ್ಕೆ ಬಂದಿದೆ ಎಂದು ಮೊದಲ ಪುಟದಲ್ಲಿತ್ತು. ಎರಡನೆಯ ಪುಟ ನಾನೇ ಕೊಟ್ಟ ಚೀಟಿಯ ನಕಲು. 'ಮಾಲು ಶುದ್ಧ, ತಿನ್ನಲು ಯೋಗ್ಯ' ಎಂಬ ಒಕ್ಕಣೆಯ ಕೆಳಗೆ ನನ್ನ ಸಹಿ ಕೊಬ್ಬಿದ ಎತ್ತಿನ ಹಾಗೆ ಅಡ್ಡಡ್ಡ ಮಲಗಿತ್ತು.

ಕಾಗದ ಹಿಡಿದುಕೊಂಡು ಲಕ್ಷ್ಮೇಶ್ವರದ ಮೊದಲ ಬಸ್ಸಿಗೇ ಗದಗಿನ ನನ್ನ ಕಚೇರಿಗೆ ಬಂದಿದ್ದವರು ಆ ಬೇಳೆ ಕಳಿಸಿದ ಸಾಹುಕಾರರು. ಅರವತ್ತು ದಾಟಿದ ಮನುಷ್ಯ, ಅಪ್ಪನ ಕಾಲದಿಂದ ದಲಾಲಿಯ ಅಡತಿ ಅಂಗಡಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆರ್ಸೆನಿಕ್ ಅಂದ್ರ ಏನ್ರಿ ಸಾಹೇಬ್ರ?"

"ಪಾಷಾಣರೀ. ಇಲಿಗೆ ಇಡತಾರಲ್ಲ, ಅದು."

ಅವರು ರುಮಾಲು ತೆಗೆದು, ಕೂತು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಅಂದ್ರ ನಾ ಬ್ಯಾಳ್ಯಾಗ ಪಾಷಾಣ ಕಲಸೇನಿ ಅಂತ ಬರದಾರ. ಸಂಕ್ರಾಂತಿ ಒಳಗ ಕಾರಣ ತೋರಸಲಿಲ್ಲ ಅಂದ್ರ ತಮ್ಮ ಯಾದಿಯಾಗಿಂದ ನನ್ನ ಹೆಸರ ಹೊಡದ ಹಾಕತಾರಂತ. ನೀವ ನೋಡಿ ಪಾಸ್ ಮಾಡಿದ ಮಾಲ ಅದು. ನೀವ ಕಾರಣ ಹುಡಕಬೇಕು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂತು. ಗದಗಿನ ಮಾರುಕಟ್ಟೆಯಲ್ಲಿ ಕಾಳಿನ ದರ್ಜೆ ಗೊತ್ತುಮಾಡುವುದು ನನ್ನ ಕೆಲಸ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಮಾದರಿ ತೆಗೆಯುವುದು, ಮೂರು ಜರಡಿಗಳಲ್ಲಿ ಸೋಸುವುದು, ನುಚ್ಚೆಷ್ಟು, ಹೊಟ್ಟೆಷ್ಟು, ಹುಳ ಹತ್ತಿದ್ದೆಷ್ಟು ಎಂದು ತೂಗುವುದು, ಕೊನೆಗೆ ಎರಡು ಕಾಳು ಹಲ್ಲಿನಲ್ಲಿ ಕಡಿದು ಒಣಗಿದೆಯೋ ಇಲ್ಲವೋ ನೋಡುವುದು. ಪಾಷಾಣ ಜರಡಿಗೆ ಸಿಗುವ ವಸ್ತುವಲ್ಲ. ಆದರೆ ಚೀಟಿಯಲ್ಲಿ 'ತಿನ್ನಲು ಯೋಗ್ಯ' ಎಂದು ಅಚ್ಚಾಗಿತ್ತು, ನಾನು ವರ್ಷಾನುಗಟ್ಟಲೆ ಅದರ ಕೆಳಗೆ ಸಹಿ ಹಾಕುತ್ತಲೇ ಬಂದಿದ್ದೆ.

ನಿಯಮದಂತೆ ಹಿಂದಕ್ಕೆ ಬಂದ ಮಾಲಿನ ಒಂದು ಮಾದರಿಯನ್ನು ಅರಗಿನ ಮುದ್ರೆ ಹಾಕಿ ಮುಂಬಯಿ ಸರ್ಕಾರದ ಪ್ರಯೋಗಾಲಯಕ್ಕೆ ಕಳಿಸಿದೆ. ಆಗಿನ್ನೂ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹದಿನೈದು ದಿನದಲ್ಲಿ ಉತ್ತರ ಬರುತ್ತದೆ ಎಂದು ನಮ್ಮ ಮೇಲಧಿಕಾರಿ ಹೇಳಿದರು. ನಾನೂ ನಂಬಿದೆ.

ನನ್ನ ಮೊದಲ ಅನುಮಾನ ಚೀಲಗಳ ಮೇಲೆ. ಹತ್ತಿ ಬೆಳೆಗೆ ಹೊಡೆಯುವ ಔಷಧದ ಪುಡಿಯಲ್ಲಿ ಆರ್ಸೆನಿಕ್ ಇರುತ್ತಿತ್ತು. ಪುಡಿ ಬಂದ ಗೋಣಿಚೀಲವನ್ನೇ ಝಾಡಿಸಿ ಯಾರಾದರೂ ಬೇಳೆ ತುಂಬಿರಬೇಕು ಎಂದುಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಸಾಹುಕಾರರ ಗೋದಾಮಿನಲ್ಲಿ ಒಂದೊಂದೇ ಚೀಲ ಮಗುಚಿ, ಹೊಲಿಗೆ ಬಿಚ್ಚಿ, ಮೂಲೆಯ ಧೂಳು ಕೆರೆದು ಪೊಟ್ಟಣ ಕಟ್ಟಿದೆ. ಮೂರು ದಿನ ಸೀನಿ ಸೀನಿ ಮೂಗು ಕೆಂಪಾಯಿತು. ಸಾಹುಕಾರರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಚೀಲೆಲ್ಲಾ ಹೊಸಾವು. ಹಳೇ ಚೀಲದಾಗ ನಾ ಎಂದೂ ಬ್ಯಾಳಿ ತುಂಬಿಲ್ಲ," ಎಂದು ದಿನಕ್ಕೆ ನಾಲ್ಕು ಸಲ ಹೇಳಿದರು. ನಾನು ಮುಂದಿನ ಚೀಲ ಮಗುಚಿದೆ. ಕಳ್ಳ ಯಾವತ್ತು ಒಪ್ಪಿಕೊಂಡಾನು ಎಂದು ಮನಸ್ಸಿನಲ್ಲಿತ್ತು.

ಅವರ ಬೇಳೆ ಯಂತ್ರದ ಬೇಳೆಯಲ್ಲ. ಸುತ್ತಲ ಊರುಗಳ ಹೆಂಗಸರು ಮನೆಯಲ್ಲೇ ತಯಾರಿಸಿ ಕೊಡುವ ಮಣ್ಣು ಕಟ್ಟಿದ ಬೇಳೆ. ತೊಗರಿಯನ್ನು ನೆನೆಹಾಕಿ, ಕೆಂಪು ಮಣ್ಣಿನ ರಾಡಿಯಲ್ಲಿ ಹೊರಳಿಸಿ, ಬಿಸಿಲಿಗೆ ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಬೇಳೆಗೆ ಹುಳ ಬೇಗ ಹತ್ತುವುದಿಲ್ಲ, ರುಚಿಯೂ ಹೆಚ್ಚು. ಸಮುದ್ರದಾಚೆ ಇರುವ ನಮ್ಮ ಜನ ಕೇಳಿ ಕೇಳಿ ತರಿಸುತ್ತಿದ್ದದ್ದು ಇದನ್ನೇ. ಇದೆಲ್ಲ ನನಗೆ ಹುಟ್ಟಿನಿಂದ ಗೊತ್ತಿದ್ದ ಸಂಗತಿ. ಗೊತ್ತಿದ್ದುದನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಹದಿನೈದು ದಿನ ಹೋಗಿ ಒಂದು ತಿಂಗಳಾದರೂ ಮುಂಬಯಿಯಿಂದ ಉತ್ತರವಿಲ್ಲ. ಕೊನೆಗೆ ಬೆಟಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನ ಹಳೆಯ ಗೆಳೆಯನ ಬೆನ್ನು ಹತ್ತಿದೆ. ಧಾರವಾಡದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಎಲ್ಲರೂ ಅವನನ್ನು ಮಾಸ್ತರ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಎರಡು ತಾಸು ಪ್ರಯೋಗಶಾಲೆಯನ್ನು ಬಿಟ್ಟುಕೊಡಲು ಒಪ್ಪಿದ.

ಪರೀಕ್ಷೆ ಹೇಳಲು ಸುಲಭ. ಬೇಳೆಯನ್ನು ಎರಡು ಬಗೆಯ ಆಮ್ಲದಲ್ಲಿ ಕುದಿಸಿ ನೀರಿನಂತೆ ತಿಳಿಯಾಗಿಸಬೇಕು. ಆ ದ್ರಾವಣಕ್ಕೆ ಸತುವಿನ ತುಣುಕು ಮತ್ತು ಇನ್ನೊಂದು ಆಮ್ಲ ಹಾಕಿದರೆ ಅನಿಲ ಏಳುತ್ತದೆ. ಬಾಟಲಿಯ ಬಾಯಿಗೆ ಗಾಜಿನ ನಳಿಗೆ, ಅದರ ತುದಿಗೆ ಪಾದರಸದ ಉಪ್ಪಿನಲ್ಲಿ ಅದ್ದಿ ಒಣಗಿಸಿದ ಕಾಗದ. ಆರ್ಸೆನಿಕ್ ಇದ್ದರೆ ಕಾಗದ ಹಳದಿಯಾಗುತ್ತದೆ, ಹೆಚ್ಚಿದ್ದರೆ ಕಂದಾಗುತ್ತದೆ. ಮಾಡುವುದು ಸುಲಭವಲ್ಲ. ಆಮ್ಲದ ಕಂದು ಹೊಗೆ ಹೋಗಲು ಶಾಲೆಯಲ್ಲಿ ಗೂಡಿರಲಿಲ್ಲ. ವರಾಂಡದಲ್ಲಿ ಸ್ಟೋವ್ ಇಟ್ಟು ಕುದಿಸಿದೆವು. ಹೆಡ್‌ಮಾಸ್ತರರು ಮೂಗಿಗೆ ಧೋತರದ ಚುಂಗು ಹಿಡಿದು ಬಂದು, "ಸಾಲಿ ಐತೋ ಸುಡಗಾಡ ಐತೋ?" ಎಂದು ಕೇಳಿ ಹೋದರು.

ಹಿಂದಕ್ಕೆ ಬಂದ ಬೇಳೆ ಒಂದು ಬಾಟಲಿಗೆ, ಚೀಲದ ಧೂಳು ಎರಡಕ್ಕೆ. ಹೋಲಿಸಿ ನೋಡಲು ಶುದ್ಧವೆಂದು ಖಾತ್ರಿಯಿರುವ ಬೇಳೆ ಒಂದಕ್ಕೆ ಬೇಕಿತ್ತು. ನಾನು ನಮ್ಮ ಮನೆಯ ಗಡಿಗೆಯಿಂದ ಒಂದು ಹಿಡಿ ತಂದಿದ್ದೆ. ಅವ್ವ ತನ್ನ ಕೈಯಾರೆ ಮಾಡಿದ್ದು, ಓಣಿಯವರೆಲ್ಲ ಕೇಳಿ ಒಯ್ಯುತ್ತಿದ್ದ ಬೇಳೆ.

"ಏನೂ ಹಾಕದ ಖಾಲಿ ಬಾಟ್ಲಿನೂ ಒಂದ ಇಡೂಣು," ಎಂದ ಮಾಸ್ತರ. "ಬರೇ ಸತುವು, ಬರೇ ಆಮ್ಲ."

"ಇರೂದ ಒಂದ ಹಿಡಿ ಸತುವು. ಅದನ್ನ ಯಾಕ ಹಾಳ ಮಾಡತಿ? ನಮ್ಮ ಮನಿ ಬ್ಯಾಳಿ ಅಂದ್ರ ಖಾಲಿ ಬಾಟ್ಲಿ ಇದ್ದಂಗ."

ಅವನು ನನ್ನ ಮುಖ ನೋಡಿ ಸತುವನ್ನು ನಾಲ್ಕೇ ಪಾಲು ಮಾಡಿದ. ಈ ಮಾತನ್ನು ನಾನೇ ಆಡಿದೆ ಎಂಬುದನ್ನು ಇವತ್ತಿಗೂ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಒಂದು ತಾಸಿನ ನಂತರ ಹಿಂದಕ್ಕೆ ಬಂದ ಬೇಳೆಯ ಕಾಗದ ಕಂದು. ಚೀಲದ ಧೂಳು ಹಳದಿ. ನಮ್ಮ ಮನೆಯ ಬೇಳೆಯೂ ಕಂದು.

"ಸತುವೇ ಕೆಟ್ಟದ್ದು," ಎಂದೆ. ಪಠ್ಯಪುಸ್ತಕದಲ್ಲೂ ಹಾಗೇ ಇತ್ತು, ಅಗ್ಗದ ಸತುವಿನಲ್ಲಿ ಆರ್ಸೆನಿಕ್ ಸೇರಿರುತ್ತದೆ ಎಂದು. ಮುಂಬಯಿಗೆ ಬರೆದು ಶುದ್ಧ ಸತುವು ತರಿಸಿದೆ. ಅದು ಬರಲು ಮೂರು ವಾರ. ಮತ್ತೆ ಬೇಳೆ ಕುದಿಸಿ, ಮತ್ತೆ ಹೊಗೆ ಕುಡಿದು, ಮತ್ತೆ ಒಂದು ತಾಸು ಕಾದೆವು. ಎರಡು ಬೇಳೆಯೂ ಕಂದು. ಹಾಗಾದರೆ ಆಮ್ಲ ಕೆಟ್ಟದ್ದು ಎಂದೆ. ಆಮ್ಲಕ್ಕೆ ಬರೆದೆ, ಮತ್ತೆ ಮೂರು ವಾರ ಹೋಯಿತು.

ಅಷ್ಟರಲ್ಲಿ ರಾಜ್ಯ ಒಂದಾಯಿತು. ನವೆಂಬರಿನ ಆ ದಿನ ಗದಗಿನಲ್ಲಿ ಮೆರವಣಿಗೆ, ಬಾಜಾ, ಪೇಢೆ. ನಾನೂ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ, ಖುಷಿ ಖರೆಯೇ ಇತ್ತು. ಮರುವಾರ ಮುಂಬಯಿಯಿಂದ ಉತ್ತರ ಬಂತು. 'ತಮ್ಮ ಜಿಲ್ಲೆಯು ಈಗ ಮೈಸೂರು ರಾಜ್ಯಕ್ಕೆ ಸೇರಿರುವುದರಿಂದ ಮಾದರಿಯನ್ನು ಮುಂದಿನ ಕ್ರಮಕ್ಕಾಗಿ ಬೆಂಗಳೂರಿಗೆ ಕಳಿಸಲಾಗಿದೆ.' ಬೆಂಗಳೂರಿಗೆ ಬರೆದೆ. 'ಅಂಥ ಯಾವ ಮಾದರಿಯೂ ತಲುಪಿಲ್ಲ' ಎಂದು ಅಲ್ಲಿಂದ ಬಂತು. ಮತ್ತೆ ಮುಂಬಯಿಗೆ ಬರೆದರೆ, ಈ ವಿಷಯ ತಮ್ಮ ವ್ಯಾಪ್ತಿಯದಲ್ಲ ಎಂದರು. ಒಂದು ಸೇರು ಬೇಳೆ ಎರಡು ರಾಜ್ಯಗಳ ನಡುವೆ ಯಾವ ಸ್ಟೇಶನ್ನಿನಲ್ಲಿ ಬಿದ್ದು ಇಲಿಗಳ ಪಾಲಾಯಿತೋ. ಆ ಇಲಿಗಳ ಗತಿ ಏನಾಯಿತು ಎಂದಾದರೂ ಯಾರಾದರೂ ಬರೆದಿದ್ದರೆ ನನಗೆ ಉಪಯೋಗವಾಗುತ್ತಿತ್ತು.

ಸಾಹುಕಾರರು ವಾರಕ್ಕೊಮ್ಮೆ ಬರುತ್ತಿದ್ದರು. ಬಂದು ಬಾಗಿಲಲ್ಲೇ ನಿಂತು, "ಏನರ ಗೊತ್ತಾತೇನ್ರಿ?" ಎನ್ನುವರು. ಇಲ್ಲ ಎನ್ನುವೆ. "ನಮ್ಮೂರಿಗೆ ಮೊದಲ ಸಂಸ್ಥಾನ ಇತ್ತು, ಆಮ್ಯಾಲ ಮುಂಬೈ ಬಂತು, ಈಗ ಮೈಸೂರ. ಸರಕಾರ ಮೂರ ಆದ್ವು. ನಾ ಒಬ್ಬನ ಅದೇನಿ," ಎಂದು ಒಂದು ಸಲ ಹೇಳಿ ನಗಲು ನೋಡಿದರು. ಊರಲ್ಲಿ ಜನ ಅವರನ್ನು ನೋಡಿದರೆ ಮಾತು ನಿಲ್ಲಿಸುತ್ತಾರಂತೆ. ಒಬ್ಬಾತ ಅವರ ಅಂಗಡಿಯ ಮುಂದೆ ನಿಂತು, ಪಾಷಾಣದ ಸಾಹುಕಾರ್ರು ಅಂದನಂತೆ.

ಹೊಸ ಆಮ್ಲ ಬಂದ ದಿನ ಮತ್ತೆ ಎರಡೂ ಕಾಗದ ಕಂದಾದವು. ನಾನು ತಾಳ್ಮೆಗೆಟ್ಟು ಮಾಸ್ತರನ ಮೇಲೆ ಹರಿಹಾಯ್ದೆ. ನಿನ್ನ ಬಾಟಲಿ ಹೊಲಸು, ನಿನ್ನ ಶಾಲೆಯ ನೀರು ಹೊಲಸು, ನಿನಗೆ ಕಲಿಸಿದವರೇ ಸರಿಯಿಲ್ಲ ಎಂದೆ. ನಮ್ಮಿಬ್ಬರಿಗೂ ಕಲಿಸಿದವರು ಒಬ್ಬರೇ. ನಾನು ಕೂಗುತ್ತಿದ್ದಂತೆಯೇ ಮಾಸ್ತರ ಇನ್ನೊಂದು ಬಾಟಲಿ ತೊಳೆದು, ಬರೇ ಸತುವು ಮತ್ತು ಆಮ್ಲ ಹಾಕಿ, ನಳಿಗೆ ಸಿಕ್ಕಿಸಿ, ಗಡಿಯಾರ ನೋಡಿ ಕೂತ.

ತಾಸು ಕಳೆದರೂ ಕಾಗದ ಬೆಳ್ಳಗೇ ಇತ್ತು.

"ಸತುವು ಚೊಲೋ ಐತಿ, ಆಮ್ಲ ಚೊಲೋ ಐತಿ," ಎಂದ. "ಇನ್ನ ಏನ ಉಳೀತು, ನೀನ ಹೇಳಲೇ."

"ಇನ್ನೊಮ್ಮಿ ಇಡು."

ಇನ್ನೊಮ್ಮೆ ಇಟ್ಟ. ಹಳೆಯ ಸತುವು, ಹಳೆಯ ಆಮ್ಲ ಒಂದರಲ್ಲಿ, ಹೊಸವು ಇನ್ನೊಂದರಲ್ಲಿ. ಎರಡೂ ಬೆಳ್ಳಗೆ. ಮೊದಲ ದಿನವೇ ಅವನ ಮಾತು ಕೇಳಿದ್ದರೆ ಆರು ವಾರ ಉಳಿಯುತ್ತಿತ್ತು. ಅವನು ತನ್ನ ಸೈಕಲ್ಲು ಕೊಟ್ಟು, ಮನೆಗೆ ಹೋಗಿ ಅವ್ವನನ್ನು ಕೇಳು ಎಂದ.

ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದಳು. ದೀಪ ಹಚ್ಚುವ ಹೊತ್ತು. ಅವಳ ಅಂಗೈಯಲ್ಲಿ ಮೊದಲಿನಿಂದಲೂ ಕಾಳಿನಷ್ಟು ದಪ್ಪದ ಗಟ್ಟಿ ಗಂಟುಗಳು. ಬೀಸುಕಲ್ಲು ಹಿಡಿದದ್ದಕ್ಕೆ ಆದ ಆಣಿ ಎಂದು ಅವಳೂ ಹೇಳುತ್ತಿದ್ದಳು, ನಾವೂ ಹಾಗೇ ತಿಳಿದಿದ್ದೆವು.

"ಯವ್ವಾ, ಬ್ಯಾಳಿಗೆ ಕಟ್ಟೂ ಮಣ್ಣ ಎಲ್ಲೀದು?"

"ಯಾಕ? ನನ್ನ ತವರ ಮನೀದು. ನಿಮ್ಮ ಮಾವ ಪ್ರತಿ ವರ್ಷ ಒಂದ ಚೀಲ ಕಳಸತಾನಲ್ಲ."

"ಮಾವ ಎಲ್ಲಿಂದ ತರತಾನ?"

"ಗುಡ್ಡದಾಗ ಬಂಗಾರದ ಕಂಪನಿ ಇತ್ತಲ್ಲ, ಅಲ್ಲಿ ದಿಬ್ಬ ಅದಾವು. ಬಂಗಾರದ ಮಣ್ಣು. ಜರಡಿ ಹಿಡಿಯೂದ ಬ್ಯಾಡ, ಹಿಟ್ಟಿನಂಗ ಇರತೈತಿ. ಆ ಮಣ್ಣ ಕಟ್ಟಿದ ಬ್ಯಾಳಿಗೆ ಮೂರ ವರ್ಷ ಇಟ್ರೂ ಹುಳಾ ಹತ್ತೂದಿಲ್ಲ."

ಹುಳ ಹತ್ತುವುದಿಲ್ಲ ಎಂದು ಅವಳು ಹೆಮ್ಮೆಯಿಂದ ಹೇಳಿದಳು. ನಾನು ಮೊರವನ್ನು ಅವಳ ಕೈಯಿಂದ ತೆಗೆದುಕೊಂಡೆ. ಏನಾಯಿತು ಎಂದು ಕೇಳಿದಳು. ನಾಳೆ ಹೇಳುತ್ತೇನೆ, ಇವತ್ತು ಬೇಳೆ ಬೇಡ ಎಂದೆ. ಆ ರಾತ್ರಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು.

ಮರುದಿನವೇ ಮುಂಡರಗಿ ಕಡೆಯ ಬಸ್ಸು ಹತ್ತಿದೆ. ಕಪ್ಪತಗುಡ್ಡದ ಬುಡದಲ್ಲಿ ಅವ್ವನ ತವರು. ಬಿಳಿ ದೊರೆಗಳ ಕಾಲದಲ್ಲಿ ಯಾವುದೋ ಕಂಪನಿ ಅಲ್ಲಿ ಬಂಗಾರಕ್ಕೆಂದು ಕಲ್ಲು ಅಗೆದು, ಯಂತ್ರದಲ್ಲಿ ಕುಟ್ಟಿ ಪುಡಿ ಮಾಡಿ, ಸಿಕ್ಕಷ್ಟು ತೆಗೆದುಕೊಂಡು, ಪುಡಿಯನ್ನು ದಿಬ್ಬ ಹಾಕಿ ಹೋಗಿತ್ತು. ಚಿಕ್ಕವನಿದ್ದಾಗ ಆ ದಿಬ್ಬಗಳ ಮೇಲೆ ನಾನೂ ಜಾರಿ ಆಡಿದ್ದೇನೆ. ಈ ಸಲ ನೋಡಿದಾಗ ಕಂಡಿತು, ಸುತ್ತ ಗುಡ್ಡವೆಲ್ಲ ಹಸಿರಿದ್ದರೂ ದಿಬ್ಬದ ಮೇಲೆ ಒಂದು ಹುಲ್ಲಿನ ಎಸಳೂ ಇರಲಿಲ್ಲ. ಬಂಗಾರವಿರುವ ಕಲ್ಲಿನ ಜೊತೆ ಆರ್ಸೆನಿಕ್ಕಿನ ಕಲ್ಲೂ ಇರುತ್ತದೆಂದು ಧಾರವಾಡದಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದವನು ನಾನು.

ಬೆಟಗೇರಿಗೆ ತಂದು ಒಂದು ಚಿಟಿಕೆ ಮಣ್ಣು ಪರೀಕ್ಷಿಸಿದೆವು. ತಾಸು ಬೇಕಾಗಲಿಲ್ಲ. ಹತ್ತು ನಿಮಿಷಕ್ಕೆ ಕಾಗದ ಕಪ್ಪಿಟ್ಟಿತು. ಆಮೇಲೆ ಸಾಹುಕಾರರ ಗೋದಾಮಿನಿಂದ ಊರೂರಿನ ಬೇಳೆ ತರಿಸಿದೆ. ಯಳವತ್ತಿಯವರು ತಮ್ಮ ಹೊಲದ ಕೆಂಪು ಮಣ್ಣು ಕಟ್ಟುತ್ತಿದ್ದರು, ಅವರ ಕಾಗದ ಬೆಳ್ಳಗೆ. ಗುಡ್ಡದ ಬುಡದ ಊರುಗಳದ್ದೆಲ್ಲ ಕಂದು. ಎಲ್ಲವನ್ನೂ ಒಟ್ಟಿಗೆ ಸುರಿದು ತುಂಬುತ್ತಿದ್ದರಿಂದ ಚೀಲದ ಧೂಳು ಹಳದಿಯಾಗಿತ್ತು.

ಸಾಹುಕಾರರಿಗೆ ಕಾಗದಗಳನ್ನು ಸಾಲಾಗಿ ಇಟ್ಟು ತೋರಿಸಿದೆ. "ನುಣ್ಣಗಿರತೈತಿ ಅಂತ ಆ ಊರವರ ಬ್ಯಾಳಿಗೆ ನಾ ಹೆಚ್ಚ ಧಾರಣಿ ಕೊಡತಿದ್ದೆ," ಎಂದರು. ನಂತರ ಕುರ್ಚಿ ಹತ್ತಿರ ಎಳೆದುಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ಸಾಹೇಬ್ರ, ಒಂದ ಮಾತ. ಚೀಲದ ತಪ್ಪು ಅಂತ ಬರದ ಬಿಡ್ರಿ. ಔಷಧದ ಚೀಲ ಕೂಡಿತ್ತು, ತಗದೇವಿ ಅಂತ. ಮುಂಬೈಯವ್ರು ಒಪ್ಪತಾರ. ಗುಡ್ಡದ ಬ್ಯಾಳಿ ನಾ ಇನ್ನ ಮುಟ್ಟೂದಿಲ್ಲ, ಆಣಿ ಮಾಡತೇನಿ. ಮಣ್ಣಿನ ಸುದ್ದಿ ಬರದ್ರ ಮಣ್ಣ ಕಟ್ಟಿದ ಬ್ಯಾಳಿ ಅಂದ್ರ ಸಾಕು, ಯಾರೂ ಕೈಲೆ ಮುಟ್ಟೂದಿಲ್ಲ. ಯಳವತ್ತಿ ಹೆಣಮಕ್ಕಳು ಏನ ತಪ್ಪ ಮಾಡ್ಯಾರ?"

ಇದೂ ತಪ್ಪು ಮಾತಾಗಿರಲಿಲ್ಲ. ಮೂರು ತಿಂಗಳು ಅವರ ಮೇಲೆ ಸುಳ್ಳು ಅನುಮಾನ ಇಟ್ಟುಕೊಂಡಿದ್ದ ನನಗೆ ಅವರ ಹೆಸರು ಉಳಿಸುವ ಋಣವೂ ಇತ್ತು. ಚೀಲ ಎಂದು ಬರೆದರೆ ನನ್ನ ಸಹಿಯ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಎರಡು ದಿನ ಬಿಳಿ ಹಾಳೆ ಮುಂದೆ ಇಟ್ಟುಕೊಂಡು ಕೂತೆ. ಹಡಗಿಗೆ ಹೋಗದ ಗುಡ್ಡದ ಬೇಳೆಯನ್ನು ಯಾರು ತಿನ್ನುತ್ತಾರೆ ಎಂಬ ಪ್ರಶ್ನೆಗೆ ಚೀಲದಲ್ಲಿ ಉತ್ತರವಿರಲಿಲ್ಲ. ಮೂರನೆಯ ದಿನ ಮಣ್ಣು ಎಂದೇ ಬರೆದೆ. ದಿಬ್ಬ ಎಲ್ಲಿದೆ, ಯಾವ ಊರುಗಳ ಬೇಳೆ ಕಂದು, ಯಾವುದರದು ಬಿಳಿ, ಖಾಲಿ ಬಾಟಲಿ ಇಡದೆ ನಾನು ಮಾಡಿದ ತಪ್ಪೇನು, ನನ್ನ ಮನೆಯ ಬೇಳೆಯ ಫಲಿತಾಂಶವೇನು, ಎಲ್ಲವನ್ನೂ ಬರೆದೆ. ಸಾಹುಕಾರರು ತಿಳಿದು ಮಾಡಿದ್ದಲ್ಲ ಎಂದು ಎರಡು ಸಲ ಬರೆದೆ. ಒಂದು ಪ್ರತಿ ಹಡಗು ವ್ಯಾಪಾರಿಗೆ, ಒಂದು ಜಿಲ್ಲೆಗೆ, ಒಂದು ಬೆಂಗಳೂರಿಗೆ.

ಸಂಕ್ರಾಂತಿಗೆ ಮೊದಲು ಉತ್ತರ ಬಂತು. ಸಾಹುಕಾರರ ಮೇಲೆ ಆರೋಪವಿಲ್ಲ, ಹೆಸರು ಉಳಿಯುತ್ತದೆ. ಆದರೆ ಮುಂದೆ ತಿಳಿಸುವವರೆಗೆ ಮಣ್ಣು ಕಟ್ಟಿದ ಯಾವ ಬೇಳೆಯನ್ನೂ ತೆಗೆದುಕೊಳ್ಳುವುದಿಲ್ಲ, ಕಡಲೆ ಕಳಿಸಬಹುದು. ಅವರು ಹೇಳಿದಂತೆಯೇ ಆಯಿತು. ಯಳವತ್ತಿಯ ಬೇಳೆಯೂ ಆ ವರ್ಷ ಗದಗಿನ ಸಂತೆಯಲ್ಲಿ ಬಂದ ಧಾರಣೆಗೆ ಮಾರಾಟವಾಯಿತು. ಸಾಹುಕಾರರು ಗುಡ್ಡದ ಬೇಳೆಯ ಚೀಲಗಳನ್ನು ತಾವೇ ನಿಂತು ಆಳುದ್ದದ ಗುಂಡಿಯಲ್ಲಿ ಹುಗಿಸಿದರು. ಆಮೇಲೆ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಅವರ ಆಳು ಬಂದು ಚೀಟಿ ಒಯ್ಯುತ್ತಿದ್ದ. ಜಿಲ್ಲೆಯಿಂದ 'ವಿಷಯ ಪರಿಶೀಲನೆಯಲ್ಲಿದೆ' ಎಂದು ಬಂತು. ಬೆಂಗಳೂರಿನಿಂದ, ಕಳೆದುಹೋದ ಮಾದರಿಯನ್ನು ಮತ್ತೊಮ್ಮೆ ಕಳಿಸಿರಿ ಎಂದು ಬಂತು.

ದಿಬ್ಬಕ್ಕೆ ಬೇಲಿ ಹಾಕಲು ಯಾರೂ ಬರಲಿಲ್ಲ. ನಾನೇ ಅವ್ವನನ್ನು ಕರೆದುಕೊಂಡು ಅವಳ ತವರಿಗೆ ಹೋದೆ. ಮಾವನ ಮನೆಯ ಕಟ್ಟೆಯ ಮೇಲೆ ಜನ ಕೂಡಿಸಿ, ಕಪ್ಪಾದ ಕಾಗದ ತೋರಿಸಿ ಹೇಳಿದೆ.

ಮಾವ ನಕ್ಕ. "ಮೂವತ್ತ ವರ್ಷ ಆತು ಉಣ್ಣಾಕತ್ತಿ. ಸತ್ತೇವೇನು? ಹುಳಾ ಹತ್ತೂದಿಲ್ಲ ಅಂತ ಹಾಕತೇವಪಾ."

"ಯಾಕ ಹತ್ತೂದಿಲ್ಲ ಮಾವಾ?"

ಬಾಗಿಲ ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದು ತನ್ನ ಎರಡೂ ಅಂಗೈ ತೆರೆದು ನನ್ನ ಮುಂದೆ ಹಿಡಿದಳು. ಅವ್ವನ ಅಂಗೈಯಲ್ಲಿದ್ದಂಥವೇ ಗಂಟುಗಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಗದಗಿನ ಡಾಕ್ಟರರಿಗೆ ನಂತರ ತೋರಿಸಿದಾಗ, ಪಾಷಾಣ ತಿಂದದ್ದಕ್ಕೆ ಎದ್ದ ಗಂಟುಗಳು ಇದ್ದರೂ ಇರಬಹುದು, ಖಚಿತ ಹೇಳಲಾರೆ ಎಂದರು. ಆ ದಿನ, ಇನ್ನು ಮೇಲೆ ಹೊಲದ ಮಣ್ಣು ಕಟ್ಟಿರಿ, ಈಗಿರುವ ಬೇಳೆ ಹುಗಿಯಿರಿ ಎಂದಷ್ಟೇ ಹೇಳಿದೆ. ಕೆಲವರು ತಲೆಯಾಡಿಸಿದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವ್ವ ಕಿಟಕಿಯ ಪಕ್ಕ ಕೂತು ಗುಡ್ಡ ಮರೆಯಾಗುವವರೆಗೂ ಅದನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು.

"ಹಡಗಿನವ್ರು ಅಷ್ಟೂ ಬ್ಯಾಳಿ ತಿರುಗಿ ಕಳಿಸಿದ್ರೇನ?"

"ಹೂಂ. ಒಂದ ಕಾಳೂ ಇಳಿಸಿಕೊಳ್ಳಲಿಲ್ಲ."

"ಚೊಲೋ ಮಾಡಿದ್ರು," ಎಂದಳು. ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ತಿಂದವರು ನಾವು ಯಾರಿಗೆ ತಿರುಗಿ ಕಳಸೂದು, ತಮ್ಮಾ?"

ಕಂಡಕ್ಟರ್ ಟಿಕೆಟ್ಟಿಗೆ ಬಂದ. ನಾನು ಎರಡು ಗದಗ ಎಂದೆ.